ಟೆರೇಸಿನ ಮೇಲೊಂದು ಸರಳರೇಖೆ

ಲಿಫ್ಟಣ್ಣನ ಹೆಂಡತಿ ಮಾತಿನ ಮಲ್ಲಿ. ಹೈಸ್ಕೂಲಿನ ಗಣಿತದ ಟೀಚರು. ದಿನವಿಡೀ ಕ್ಲಾಸಿನಲ್ಲಿ ಗಂಟಲು ಹರಿದುಕೊಂಡರೂ ಮನೆ ಮುಟ್ಟುವಷ್ಟರಲ್ಲಿ ಬಾವಿಯ ನೀರಿನಂತೆ ಮತ್ತೆ ಅಷ್ಟೇ ಮಾತು ಊರಿರುತ್ತಿತ್ತು. ಲಿಫ್ಟಣ್ಣನೋ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಲಿಫ್ಟು ರಿಪೇರಿ ಮಾಡುವವನು. ಕೈಯೆರಡಕ್ಕೂ ಕೆಲಸವಿರುತ್ತಿದ್ದುದರಿಂದ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಅರ್ಧ ಆಯಸ್ಸು ಕಳೆದವನು. ಬಾಯಲ್ಲಿ ಟಾರ್ಚಿರುವವನಿಗೆ ಮಾತಿನ ಅಭ್ಯಾಸ ಎಲ್ಲಿಂದ ಬರಬೇಕು? ಹೀಗಾಗಿ ಆ ಮನೆಯಲ್ಲಿ ಒಬ್ಬರು ಆಡುವುದು, ಇನ್ನೊಬ್ಬರು ಹೂಂಗುಟ್ಟುವುದು ಎಂದು ಮದುವೆಯಾದ ಹೊಸತರಲ್ಲೇ ಪಾಲಾಗಿಹೋಗಿತ್ತು. "ನಮ್ಮ ಟೀಚರಮ್ಮ ನಿದ್ದೇಲೂ ಹೋಂವರ್ಕ್ ಕೊಡ್ತಾಳೆ" ಎಂದು ಅವನು ಪರಿಚಯದವರ ಹತ್ತಿರ ತಮಾಷೆ ಮಾಡುತ್ತಿದ್ದ. ಮನೆಯಲ್ಲೂ ಅವಳನ್ನು ಕರೆಯುತ್ತಿದ್ದುದು 'ಟೀಚರೇ' ಎಂದೇ.

ಅವಳು ನಿವೃತ್ತಿಯಾಗಿ ವರ್ಷ ತುಂಬಿರಲಿಲ್ಲ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಬ್ರಷ್ಷು ಕೈಯಿಂದ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಬಲಗೈ ಹೇಳಿದ ಮಾತು ಕೇಳಲಿಲ್ಲ. ಬಚ್ಚಲ ಬಾಗಿಲಿಗೆ ಒರಗಿ ನಿಂತು ಗಂಡನನ್ನು ಕೂಗಲು ಬಾಯಿ ತೆರೆದಳು. ಬಾಯೇನೋ ತೆರೆಯಿತು, ದನಿ ಹೊರಡಲಿಲ್ಲ.

ಆಸ್ಪತ್ರೆಯವರು ಜೀವ ಉಳಿಸಿದರು. ಕೋಲು ಹಿಡಿದು ನಡೆಯುವಷ್ಟು ಕಾಲು ಬಂತು. ಬಲಗೈ ಅರ್ಧಂಬರ್ಧ ಬಂತು. ಮಾತು ಮಾತ್ರ ಬರಲಿಲ್ಲ. ಇತರರು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ಹೇಳಬೇಕಾದ್ದೂ ಒಳಗೆ ಇತ್ತು, ಆದರೆ ನಡುವಿನ ಬಾಗಿಲು ಕಚ್ಚಿಕೊಂಡುಬಿಟ್ಟಿತ್ತು. ಎಷ್ಟು ತಿಣುಕಿದರೂ ಹೊರಗೆ ಬರುತ್ತಿದ್ದುದು ಒಂದೇ ಪದ: "ಅದು." ನೀರು ಬೇಕಾದರೂ ಅದು, ಕಿಟಕಿ ಹಾಕು ಎನ್ನಲೂ ಅದು, ಗಂಡನೂ ಅದು, ಮಗಳೂ ಅದು. ಮೊದಮೊದಲು ಲಿಫ್ಟಣ್ಣ ಊಹೆ ಮಾಡಿ ಒಂದೊಂದನ್ನೇ ತಂದು ತೋರಿಸುತ್ತಿದ್ದ. ಕನ್ನಡಕವೇ? ಅಲ್ಲ. ಹೊದಿಕೆಯೇ? ಅಲ್ಲ. ಆಮೇಲೆ ಅವಳೇ ಬೇಸತ್ತು ಕೈ ಬೀಸಿ, ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದಳು.

ನೋಡಲು ಬಂದವರು ಇನ್ನೂ ಕಷ್ಟ ಕೊಟ್ಟರು. ಮಾತು ಹೋದವರಿಗೆ ಕಿವಿಯೂ ಹೋಗಿರುತ್ತದೆ ಎಂದು ಜನ ಯಾಕೆ ತಿಳಿಯುತ್ತಾರೋ! ಅವಳ ಜೊತೆ ಕೆಲಸ ಮಾಡಿದ ಒಬ್ಬಾಕೆ ಮುಖದ ಹತ್ತಿರ ಮುಖ ತಂದು, "ನಾನು ಯಾರು ಹೇಳಿ ನೋಡೋಣ?" ಎಂದು ಮಗುವಿಗೆ ಕೇಳುವಂತೆ ಕೂಗಿ ಕೇಳಿದರು. ಆಮೇಲೆ ಲಿಫ್ಟಣ್ಣನ ಕಡೆ ತಿರುಗಿ, "ಪಾಪ, ಎಷ್ಟು ಚೆನ್ನಾಗಿ ಪಾಠ ಮಾಡ್ತಿದ್ರು" ಎಂದು ಅವಳ ಎದುರಿಗೇ ಲೊಚಗುಟ್ಟಿದರು. ಅವತ್ತಿನಿಂದ ಬಾಗಿಲ ಬೆಲ್ಲು ಹೊಡೆದರೆ ಟೀಚರಮ್ಮ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದಳು.

ಮಾತು ಕಲಿಸಲು ಬರುತ್ತಿದ್ದ ಹುಡುಗಿಯೊಬ್ಬಳಿದ್ದಳು. ಮನೆಯವರೆಲ್ಲ ಅವಳನ್ನು ಮಾತಿನ ಡಾಕ್ಟರು ಎನ್ನುತ್ತಿದ್ದರು. ತಾಳ್ಮೆಯವಳು, ನಗುಮುಖದವಳು. ಮೇಜಿನ ಮೇಲೆ ಚಿತ್ರದ ಕಾರ್ಡುಗಳನ್ನು ಹರಡಿ, "ಇದೇನು? ಬೀಗದ ಕೈ. ಬೀ... ಹೇಳಿ, ಬೀ..." ಎಂದು ಶುರು ಮಾಡುತ್ತಿದ್ದಳು. ಟೀಚರಮ್ಮ ಬೀಗದ ಕೈಯನ್ನೇ ದಿಟ್ಟಿಸುತ್ತಿದ್ದಳು. ಹಣೆ ಬೆವರುತ್ತಿತ್ತು. "ಅದು." ಬಟ್ಟಲು? "ಅದು." ಒಂದು ದಿನ ಎಡಗೈಯಿಂದ ಮೇಜನ್ನು ಒಮ್ಮೆ ಸವರಿದಳು ನೋಡಿ, ಬೀಗದ ಕೈ, ಬಟ್ಟಲು, ಕುರ್ಚಿ ಎಲ್ಲ ನೆಲದ ಪಾಲು. ಮಾತಿನ ಡಾಕ್ಟರು ಬೇಜಾರು ಮಾಡಿಕೊಳ್ಳದೆ ಆರಿಸಿಕೊಂಡು ಹೋದಳು. ಲಿಫ್ಟಣ್ಣ ಅವಳನ್ನು ಬಿಡಲು ಹೊರಗೆ ಬಂದವನು ಲಿಫ್ಟಿನ ಗುಂಡಿ ಒತ್ತುವುದನ್ನೂ ಮರೆತು ನಿಂತ.

"ಇನ್ನು ಬರಲ್ವೇನಮ್ಮಾ ಮಾತು?"

"ಬರಲ್ಲ ಅಂತ ನಾನು ಹೇಳಲ್ಲ" ಎಂದಳು ಆಕೆ. "ಆದ್ರೆ ಯಾವ ಬಾಗಿಲಿಂದ ಬರುತ್ತೋ ನಂಗಿನ್ನೂ ಗೊತ್ತಾಗಿಲ್ಲ."

ಲಿಫ್ಟಣ್ಣನ ಮಗಳ ಮನೆ ಕೆಳಗಿನ ಮಹಡಿಯಲ್ಲೇ. ಮಗಳು ಲ್ಯಾಬೊಂದರಲ್ಲಿ ರಕ್ತಪರೀಕ್ಷೆ ಮಾಡುವವಳು. ಸಂಜೆ ಅವಳು ಬರುವತನಕ ಮೊಮ್ಮಗಳು ಚೂಟಿ ಅಜ್ಜಿಯ ಮನೆಯಲ್ಲೇ ಇರುತ್ತಿದ್ದಳು. ಒಂಬತ್ತನೇ ಕ್ಲಾಸಿನ ಹುಡುಗಿ. ಹೆಸರಿಗೆ ತಕ್ಕ ಚೂಟಿ, ಗಣಿತ ಒಂದನ್ನು ಬಿಟ್ಟು. ಅಜ್ಜಿಯ ಮೊಮ್ಮಗಳಾಗಿ ಗಣಿತದಲ್ಲಿ ಹೀಗಾ ಎಂದು ಯಾರಾದರೂ ಅಂದರೆ, "ನಂಗೆ ತಾತನ ತಲೆ ಬಂದಿದೆ" ಎಂದು ಜಾರಿಕೊಳ್ಳುತ್ತಿದ್ದಳು.

ಒಂದು ಸಂಜೆ ಚೂಟಿ ಊಟದ ಮೇಜಿನ ಮೇಲೆ ಪುಸ್ತಕ ಹರಡಿ ಕೂತಿದ್ದಳು. ಎದುರಿಗೆ ಅಜ್ಜಿ ಸುಮ್ಮನೆ ಕೂತಿದ್ದಳು. ಲಿಫ್ಟಣ್ಣ ಅಲ್ಲೇ ನೆಲದ ಮೇಲೆ ಲಿಫ್ಟಿನ ಬಾಗಿಲಿನ ಗಾಲಿಯೊಂದನ್ನು ಬಿಚ್ಚಿಕೊಂಡು ಒರೆಸುತ್ತಿದ್ದ. ಕೊಟ್ಟ ಲೆಕ್ಕ ಇಷ್ಟು: 2x + y = 7. ಈ ಸಮೀಕರಣಕ್ಕೆ ಸರಿಹೊಂದುವ ನಾಲ್ಕು ಕ್ರಮಯುಗ್ಮ ಬರೆಯಿರಿ. ಕ್ರಮಯುಗ್ಮ ಎಂದರೆ ಎರಡು ಸಂಖ್ಯೆಗಳ ಜೋಡಿ, ಮೊದಲನೆಯದು ಎಕ್ಸ್, ಎರಡನೆಯದು ವೈ.

"ಎಕ್ಸ್ ಒಂದಾದ್ರೆ ಎರಡೊಂದ್ಲ ಎರಡು, ಏಳರಲ್ಲಿ ಎರಡು ಹೋದ್ರೆ ಐದು" ಎಂದು ಗೊಣಗುತ್ತಾ ಚೂಟಿ (5, 1) ಎಂದು ಬರೆದಳು.

ಟಕ್ ಎಂದಿತು ಮೇಜು.

ಚೂಟಿ ತಲೆಯೆತ್ತಿದಳು. ಅಜ್ಜಿಯ ಎಡಗೈ ಬೆರಳಿನ ಗೆಣ್ಣು ಮೇಜಿನ ಮೇಲಿತ್ತು. ಕಣ್ಣು ನೋಟ್‌ಬುಕ್ಕಿನ ಮೇಲೆ ನೆಟ್ಟಿತ್ತು. ಮತ್ತೆ ಟಕ್ ಟಕ್.

"ಏನಜ್ಜಿ? ನೀರು ಬೇಕಾ?"

ಟೀಚರಮ್ಮ ತಲೆ ಅಲ್ಲಾಡಿಸಿ, ಮೊಮ್ಮಗಳ ಕೈಯಿಂದ ಪೆನ್ಸಿಲು ಕಿತ್ತುಕೊಂಡಳು. ಎಡಗೈಯಲ್ಲಿ, ಕೋಳಿ ಕೆದಕಿದಂಥ ಅಕ್ಷರದಲ್ಲಿ, 2 × 5 = 10 ಎಂದು ಬರೆದಳು. ಪೆನ್ಸಿಲಿನ ತುದಿಯನ್ನು ಸಮೀಕರಣದ ಏಳರ ಮೇಲಿಟ್ಟು ಮೊಮ್ಮಗಳ ಮುಖ ನೋಡಿದಳು. ಹುಬ್ಬು ಮೇಲೆ ಹೋಯಿತು.

"ಅಯ್ಯೋ, ಹೌದಲ್ಲ! ಮೊದಲನೇದಕ್ಕೇ ಹತ್ತಾಗಿಹೋಯ್ತು, ಇನ್ನು ಏಳು ಹೇಗೆ ಬರುತ್ತೆ? ಉಲ್ಟಾ ಬರೆದುಬಿಟ್ಟೆ." ಚೂಟಿ ಹೊಡೆದುಹಾಕಿ (1, 5) ಎಂದು ತಿದ್ದಿದಳು. ಅಜ್ಜಿ ಅದರ ಪಕ್ಕ ಗೀಟು ಎಳೆದಳು, ಸರಿ ಎನ್ನುವ ಗೀಟು. ಆಮೇಲೆ ಕೆಳಗಿನ ಸಾಲಿನಲ್ಲಿ ಪೆನ್ಸಿಲು ಕುಟ್ಟಿದಳು: ಮುಂದೆ? ಚೂಟಿ (2, 3) ಬರೆದಳು. ಗೀಟು. (3, 1). ಗೀಟು.

ಲಿಫ್ಟಣ್ಣನ ಕೈಯಲ್ಲಿದ್ದ ಗಾಲಿ ಉರುಳಿಕೊಂಡು ಕುರ್ಚಿಯ ಕೆಳಗೆ ಹೋಯಿತು. ಅವನು ಎತ್ತಿಕೊಳ್ಳಲಿಲ್ಲ. ಬೀಗದ ಕೈಯನ್ನು ಬೀಗದ ಕೈ ಎನ್ನಲಾರದವಳು ಕಣ್ಣು ಮಿಟುಕಿಸುವಷ್ಟರಲ್ಲಿ ತಪ್ಪು ಹಿಡಿದಿದ್ದಳು!

ಮಾತಿನ ಡಾಕ್ಟರಿಗೆ ಫೋನಿನಲ್ಲೇ ಸುದ್ದಿ ಮುಟ್ಟಿತು. ಆಕೆ ಮಾರನೆಯ ದಿನ ಕಾರ್ಡುಗಳನ್ನು ತರದೆ ಬಂದಳು. ಟೀಚರಮ್ಮನ ಮುಂದೆ ಹಾಳೆಯಿಟ್ಟು ತನಗೆ ನೆನಪಿದ್ದ ಸಮೀಕರಣವನ್ನೆಲ್ಲ ಬರೆದಳು. ಟೀಚರಮ್ಮ ಒಂದೊಂದಕ್ಕೂ ಜೋಡಿಗಳನ್ನು ಬರೆಯುತ್ತಾ ಹೋದಳು. ಒಂದು ಕಡೆ ಡಾಕ್ಟರು ಬರೆದ ಪ್ರಶ್ನೆಯೇ ತಪ್ಪಾಗಿತ್ತು, ಅದನ್ನೂ ತಿದ್ದಿದಳು. ಹುಡುಗಿ ಕುಣಿದಾಡುವುದೊಂದು ಬಾಕಿ.

"ಮಾತು ಇರೋ ಜಾಗ ಬೇರೆ, ಲೆಕ್ಕ ಇರೋ ಜಾಗ ಬೇರೆ. ಇವರಿಗೆ ಪೆಟ್ಟಾಗಿರೋದು ಮಾತಿನ ಕಡೆ ಮಾತ್ರ" ಎಂದು ಲಿಫ್ಟಣ್ಣನಿಗೆ ವಿವರಿಸಿದಳು.

"ಅಂದ್ರೆ ಮನೇಲಿ ಲೈಟ್ ಹೋದ್ರೂ ಲಿಫ್ಟು ಬೇರೆ ಲೈನಲ್ಲಿ ಓಡುತ್ತಲ್ಲ, ಹಾಗೆ."

"ಹಾಗೇ ಅಂದ್ಕೊಳ್ಳಿ. ಆ ಲೈನನ್ನು ಮಾತ್ರ ಬಿಡಬೇಡಿ."

ಬಿಡುವುದೆಲ್ಲಿ ಬಂತು! ಚೂಟಿ ಸ್ಕೂಲಿನಲ್ಲಿ ಬಾಯಿ ಬಿಟ್ಟಿದ್ದಳು. ಪರೀಕ್ಷೆ ಹತ್ತಿರ ಬಂದಿತ್ತು. ಆ ಪಾಠ ಅವಳ ಗೆಳೆಯರ ಗುಂಪಿನಲ್ಲಿ ಯಾರ ತಲೆಗೂ ಹತ್ತಿರಲಿಲ್ಲ. ಒಂದು ಮಧ್ಯಾಹ್ನ ಹೇಳದೆ ಕೇಳದೆ ಐವರನ್ನು ಕಟ್ಟಿಕೊಂಡು ಬಂದುಬಿಟ್ಟಳು. ಬೆಲ್ಲು ಹೊಡೆದದ್ದೇ ತಡ, ಟೀಚರಮ್ಮ ಕೋಲು ಊರಿಕೊಂಡು ಒಳಗೆ ಹೋದಳು. ಬಾಗಿಲು ಧಡ್ ಎಂದು ಹಾಕಿಕೊಂಡಿತು.

ಲಿಫ್ಟಣ್ಣ ಮೊಮ್ಮಗಳನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದ. "ಒಂದು ಮಾತು ಕೇಳಬಾರದಾ? ಅಜ್ಜಿಗೆ ಜನ ಬಂದ್ರೆ ಸರಿಹೋಗಲ್ಲ ಅಂತ ಗೊತ್ತಿಲ್ವಾ ನಿಂಗೆ?"

"ಇವರು ಜನ ಅಲ್ಲ ತಾತ, ಹುಡುಗರು" ಎಂದಳು ಚೂಟಿ.

ಬಂದವರನ್ನು ಹೊರಗಟ್ಟುವುದು ಸರಿಯಲ್ಲವೆಂದು ಲಿಫ್ಟಣ್ಣ ಎಲ್ಲರಿಗೂ ಕುಡಿಯಲು ನೀರು ಕೊಟ್ಟ. ಹುಡುಗರು ಹಜಾರದ ನೆಲದ ಮೇಲೆ ಪುಸ್ತಕ ಬಿಚ್ಚಿ ತಮ್ಮತಮ್ಮಲ್ಲೇ ವಾದಕ್ಕೆ ಬಿದ್ದರು. ಗುಂಗುರು ಕೂದಲಿನ ಹುಡುಗನೊಬ್ಬನಿಗೆ ಎಲ್ಲರಿಗಿಂತ ದೊಡ್ಡ ಗಂಟಲು.

"ಪುಸ್ತಕದ ಹಿಂದೆ (4, 3) ಅಂತ ಕೊಟ್ಟಿದಾರೆ. ಅಂದ್ರೆ ಉತ್ತರ (4, 3), ಅಷ್ಟೇ. ಒಂದು ಲೆಕ್ಕಕ್ಕೆ ಒಂದೇ ಉತ್ತರ ಇರೋದು."

"ನಂಗೆ (2, 4) ಬಂತು. ಅದೂ ಸರಿಹೋಗುತ್ತಲ್ಲೋ" ಎಂದಳು ದಪ್ಪ ಕನ್ನಡಕದ ಹುಡುಗಿ, ಅನುಮಾನದಲ್ಲೇ.

"ಹಾಗಾದ್ರೆ ನಿಂದು ತಪ್ಪು. ಎಲ್ಲರಿಗೂ ಒಂದೊಂದು ಉತ್ತರ ಬಂದ್ರೆ ಅದು ಲೆಕ್ಕಾನಾ, ಸಂತೆನಾ? ನೀನು ಹೊಡೆದುಹಾಕು."

ಪಾಪದ ಹುಡುಗಿ ಹೊಡೆದುಹಾಕಲು ಪೆನ್ನೆತ್ತಿದಳು.

ಒಳಕೋಣೆಯ ಬಾಗಿಲು ತೆರೆಯಿತು. ಟೀಚರಮ್ಮ ಕೋಲು ಊರಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಸೆರಗು ಸರಿಮಾಡಿಕೊಂಡಿದ್ದಳು, ಕೆದರಿದ ಕೂದಲನ್ನು ಒಂದೇ ಕೈಯಲ್ಲಿ ಹೇಗೋ ಹಿಂದಕ್ಕೆ ಒತ್ತಿಕೊಂಡಿದ್ದಳು. ಮಕ್ಕಳು ದಡಬಡ ಎದ್ದು ನಿಂತರು. ಯಾರೂ ಹೇಳದೆಯೇ. ಕಾಲೇ ಎಬ್ಬಿಸಿದಂತೆ. ಆಕೆ ನೆಟ್ಟಗೆ ಕನ್ನಡಕದ ಹುಡುಗಿಯ ಹತ್ತಿರ ಹೋಗಿ ಅವಳ (2, 4)ರ ಪಕ್ಕ ದೊಡ್ಡದೊಂದು ಗೀಟು ಹಾಕಿದಳು. ಗುಂಗುರು ಕೂದಲಿನವನ (4, 3)ರ ಪಕ್ಕವೂ ಅಷ್ಟೇ ದೊಡ್ಡ ಗೀಟು. ಅವನು ಬಾಯಿ ಬಿಟ್ಟುಕೊಂಡು ಎರಡನ್ನೂ ನೋಡಿದ.

"ಎರಡೂ ಹೇಗೆ ಸರಿ ಟೀಚರ್?"

ಟೀಚರಮ್ಮ ಹಜಾರವನ್ನೊಮ್ಮೆ ಅಳೆಯುವಂತೆ ನೋಡಿದಳು. ಸೋಫಾ, ಮೇಜು, ಬಟ್ಟೆ ಒಣಹಾಕಿದ ಸ್ಟ್ಯಾಂಡು. ಕೋಲೆತ್ತಿ ಮೇಲೆ ತೋರಿಸಿದಳು.

"ಫ್ಯಾನಾ?" ಎಂದ ಲಿಫ್ಟಣ್ಣ.

ಅಲ್ಲ ಎಂದು ತಲೆಯಾಡಿಸಿ ಇನ್ನೂ ಮೇಲೆ ತೋರಿಸಿದಳು. ಟೆರೇಸು.

ಕೊನೆಯ ಮಹಡಿಯವರೆಗೆ ಲಿಫ್ಟು, ಅಲ್ಲಿಂದ ಮುಂದೆ ಮೆಟ್ಟಿಲು. ಕಾಯಿಲೆಯಾದ ಮೇಲೆ ಆಕೆ ಮೆಟ್ಟಿಲು ಹತ್ತಿರಲಿಲ್ಲ. ಲಿಫ್ಟಣ್ಣ ತೋಳು ಹಿಡಿದ. ಒಂದೊಂದು ಮೆಟ್ಟಿಲಿಗೂ ನಿಂತು, ಉಸಿರು ತಗೊಂಡು ಹತ್ತಿದಳು. ಹಿಂದೆ ಮಕ್ಕಳು ಮೆರವಣಿಗೆಯಂತೆ ಬಂದರು. ಟೆರೇಸಿಗೆ ಬಿಸಿಲಿನ ಕಾವು ತಡೆಯಲೆಂದು ಚೌಕದ ಕೆಂಪು ಟೈಲ್ಸು ಹಾಸಿದ್ದರು. ನೀರಿನ ಟ್ಯಾಂಕಿನಿಂದ ಆಚೆಯ ಗೋಡೆಯವರೆಗೆ ಚೌಕಗಳೇ ಚೌಕಗಳು. ಗ್ರಾಫ್ ಹಾಳೆಯನ್ನು ಯಾರೋ ದೊಡ್ಡದು ಮಾಡಿ ಹಾಸಿಟ್ಟಂತಿತ್ತು. ಅಲ್ಲಿ ಬಟ್ಟೆ ಒಣಹಾಕಲು ಎಷ್ಟೋ ಸಲ ಬಂದಿದ್ದ ಲಿಫ್ಟಣ್ಣನಿಗೆ ಅದು ಅವತ್ತೇ ಮೊದಲು ಕಂಡದ್ದು.

ಟೀಚರಮ್ಮ ಒಳಕೋಣೆಯಿಂದ ತಂದಿದ್ದ ಸೀಮೆಸುಣ್ಣವನ್ನು ಗಂಡನ ಕೈಗೆ ಕೊಟ್ಟು, ಎಲ್ಲಿಂದ ಎಲ್ಲಿಗೆ ಎಂದು ಕೋಲಿನಿಂದ ತೋರಿಸಿದಳು. ಅವನು ಸದಾ ಹೆಗಲಿಗೆ ಹಾಕಿಕೊಳ್ಳುವ ಕೆಲಸದ ಚೀಲದಲ್ಲಿ ಲಿಫ್ಟಿನ ಕಂಬಿ ನೆಟ್ಟಗಿದೆಯೇ ಎಂದು ನೋಡಲು ಬಳಸುವ ನೂಲುಗುಂಡಿನ ದಾರವಿತ್ತು. ದಾರಕ್ಕೆ ಸುಣ್ಣ ಬಳಿದು ಎಳೆದು ಬಿಟ್ಟರೆ ಗೆರೆ ಬಿತ್ತು. ಅಡ್ಡ ಒಂದು, ಉದ್ದ ಒಂದು. ಎರಡೂ ಸೇರುವ ಜಾಗದಲ್ಲಿ ಒಂದು ಸೊನ್ನೆ. ಟ್ಯಾಂಕಿನ ಗೋಡೆಯ ಮೇಲೆ ಟೀಚರಮ್ಮ ತಾನೇ ಬರೆದಳು, ಎಡಗೈಯಲ್ಲಿ, ಮಾರುದ್ದದ ಅಕ್ಷರಗಳಲ್ಲಿ: x + 2y = 10. ಹುಡುಗರು ಕೆಳಗೆ ಜಗಳವಾಡುತ್ತಿದ್ದ ಲೆಕ್ಕವೇ ಅದು.

ಕನ್ನಡಕದ ಹುಡುಗಿಯನ್ನು ಬೆರಳು ಸನ್ನೆಯಿಂದ ಕರೆದಳು. ಅವಳ ಅಂಗೈಯಲ್ಲಿ ಸೀಮೆಸುಣ್ಣದಿಂದ 4 ಎಂದು ಬರೆದು, ಸಮೀಕರಣದ ವೈಯನ್ನು ತೋರಿಸಿದಳು.

"ವೈ ನಾಲ್ಕಾದ್ರೆ... ಎರಡು ನಾಲ್ಕಲ ಎಂಟು. ಹತ್ತಾಗೋಕೆ ಇನ್ನೆರಡು ಬೇಕು. ಎಕ್ಸ್ ಎರಡು."

ಕೋಲು ಸೊನ್ನೆಯ ಮೇಲೆ ಬಂತು. ಅಡ್ಡಗೆರೆಯ ಮೇಲೆ ಬಲಕ್ಕೆ ಎರಡು ಚೌಕ, ಅಲ್ಲಿಂದ ಮೇಲಕ್ಕೆ ನಾಲ್ಕು. ಟೈಲ್ಸುಗಳು ಕೂಡುವ ಆ ಮೂಲೆಯಲ್ಲಿ ಹುಡುಗಿ ನಿಂತಳು. ನಿಲ್ಲು, ಅಲ್ಲಾಡಬೇಡ ಎಂದು ಟೀಚರಮ್ಮ ಕೈ ತೋರಿಸಿದಳು. ಆಮೇಲೆ ಒಬ್ಬೊಬ್ಬರ ಅಂಗೈಯಲ್ಲೂ ಒಂದೊಂದು ಸಂಖ್ಯೆ. ಚೂಟಿಗೆ ಐದು. ಲೆಕ್ಕ ಹಾಕಿ ನೋಡಿದರೆ ಎಕ್ಸ್ ಸೊನ್ನೆ. ಅವಳು ಉದ್ದಗೆರೆಯ ಮೇಲೇ ಹೋಗಿ ನಿಂತಳು. ಗುಂಗುರು ಕೂದಲಿನವನಿಗೆ ಒಂದು. ಅವನು ಬೆರಳು ಮಡಚಿ, "ಎಕ್ಸ್ ಎಂಟು, ವೈ ಒಂದು" ಎಂದವನೇ ಹೊರಡದೆ ನಿಂತ.

"ಟೀಚರ್, ಎರಡೂ ಅದೇ ನಂಬರ್ ತಾನೆ? ಯಾವುದು ಮೊದಲಾದ್ರೆ ಏನಂತೆ? ಒಂದು, ಎಂಟು ಅಂತ ಯಾಕೆ ಬರೀಬಾರದು?"

ಟೀಚರಮ್ಮ ಉತ್ತರ ಹೇಳಲು ಬಾಯಿ ತೆರೆದಳು. ಈ ಪ್ರಶ್ನೆಗೆ ಎಷ್ಟು ವರ್ಷ, ಎಷ್ಟು ಮಕ್ಕಳಿಗೆ ಉತ್ತರ ಹೇಳಿದ್ದಳೋ! ಕತ್ತಿನ ನರ ಉಬ್ಬಿತು. "ಅದು..." ಎಂದಳು. "ಅದು... ಅದು..." ಆ ಕಡೆ ಮೂಲೆಯಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಕಿಸಕ್ಕೆಂದಳು. ಚೂಟಿ ಅವಳನ್ನು ಗುರಾಯಿಸಿದಳು. ಉಳಿದವರು ನೆಲ ನೋಡಿದರು.

ತಾನೇ ಕರೆತಂದು ಎಲ್ಲರ ಮುಂದೆ ಅವಳ ಮರ್ಯಾದೆ ಕಳೆದೆನಲ್ಲ ಎಂದು ಲಿಫ್ಟಣ್ಣನಿಗೆ ಅನಿಸಿತು. ಹತ್ತಿರ ಹೋಗಿ, "ಸಾಕು ಟೀಚರೇ, ಕೆಳಗೆ ಹೋಗೋಣ" ಎಂದು ತೋಳಿಗೆ ಕೈಯಿಟ್ಟ. ಆಕೆ ಅವನ ಕೈ ಕೊಡವಿದಳು. ಒಂದು ಗಳಿಗೆ ಕಣ್ಣು ಮುಚ್ಚಿದಳು. ತೆರೆದಾಗ ಆ ಕಣ್ಣಲ್ಲಿ ನೀರಿರಲಿಲ್ಲ, ಅವನಿಗೆ ಗೊತ್ತಿಲ್ಲದ ಒಂದು ಹಟವಿತ್ತು. ಗುಂಗುರು ಕೂದಲಿನವನನ್ನು ಕೋಲಿನ ತುದಿಯಿಂದಲೇ ನಡೆಸಿಕೊಂಡು ಹೋಗಿ ಬಲಕ್ಕೆ ಎಂಟು, ಮೇಲಕ್ಕೆ ಒಂದರ ಮೂಲೆಯಲ್ಲಿ ನಿಲ್ಲಿಸಿದಳು. ಆಮೇಲೆ ಆ ಕೋಲು ಗಂಡನ ಕಡೆ ತಿರುಗಿತು. ಬಲಕ್ಕೆ ಒಂದು. ಮೇಲಕ್ಕೆ ಎಂಟು. ಹೋಗು. ಲಿಫ್ಟಣ್ಣ ಹೋದ. ಅದು ಆಚೆ ತುದಿಯ ಗೋಡೆಯ ಹತ್ತಿರ, ಒಣಹಾಕಿದ ಯಾರದೋ ಬೆಡ್‌ಶೀಟುಗಳ ನಡುವೆ.

ಈಗ ಚೂಟಿಯ ಕೈಗೆ ದಾರದ ಒಂದು ತುದಿ. ಇನ್ನೊಂದು ತುದಿಯನ್ನು ಅಡ್ಡಗೆರೆಯ ಮೇಲೆ ಹತ್ತರಲ್ಲಿ ನಿಂತಿದ್ದವಳ, ಅದೇ ಕಿಸಕ್ಕೆಂದಿದ್ದವಳ, ಕೈಗೆ ಕೊಟ್ಟು, ಬಿಗಿಯಾಗಿ ಎಳೆಯಿರಿ ಎಂದು ಸನ್ನೆ ಮಾಡಿದಳು. ದಾರ ಬಿಗಿಯಿತು. ನೆಲಕ್ಕೆ ತಾಗಿಸಿದರು. ಮಕ್ಕಳು ಬಗ್ಗಿ ತಮ್ಮ ತಮ್ಮ ಕಾಲು ನೋಡಿಕೊಂಡರು. ಒಬ್ಬೊಬ್ಬರ ಹೆಬ್ಬೆರಳಿಗೂ ದಾರ ತಾಗಿಕೊಂಡಿತ್ತು. ಸಾಲಾಗಿ ನಿಲ್ಲಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ತಮ್ಮ ತಮ್ಮ ಲೆಕ್ಕ ತಾವು ಮಾಡಿಕೊಂಡು, ತಮ್ಮ ತಮ್ಮ ಜಾಗಕ್ಕೆ ಹೋಗಿದ್ದರು, ಅಷ್ಟೇ.

"ಏಯ್, ಎಲ್ಲಾ ಒಂದೇ ಲೈನಲ್ಲಿ ಇದೀವಿ ಕಣ್ರೋ!" ಎಂದು ಗುಂಗುರು ಕೂದಲಿನವನು ಕಿರುಚಿದ. ಆಮೇಲೆ ತಲೆಯೆತ್ತಿ ಬೆಡ್‌ಶೀಟುಗಳ ನಡುವೆ ನೋಡಿ, "ಅಯ್ಯೋ, ತಾತ ಎಲ್ಲೋ ಹೋಗಿಬಿಟ್ಟಿದಾರೆ!" ಎಂದು ಬಿದ್ದು ಬಿದ್ದು ನಕ್ಕ. ನಗುತ್ತಿದ್ದವನು ಹಾಗೇ ನಿಂತ. "ಓ... ಅದಕ್ಕೇನಾ? ಒಂದು, ಎಂಟು ಅಂದ್ರೆ ಅಲ್ಲಿಗೆ ಹೋಗಿಬಿಡ್ತೀವಾ?"

ಟೀಚರಮ್ಮ ಅವನ ಕಡೆ ನೋಡಿ ನಿಧಾನವಾಗಿ ತಲೆಯಾಡಿಸಿದಳು.

ದೂರದಲ್ಲಿ ತಪ್ಪು ಉತ್ತರವಾಗಿ ನಿಂತಿದ್ದ ಲಿಫ್ಟಣ್ಣ ಹೆಂಡತಿಯನ್ನೇ ನೋಡುತ್ತಿದ್ದ. ಇಷ್ಟು ವರ್ಷ ಸಂಸಾರ ಮಾಡಿದ್ದ. ಅವಳ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ ಎಂದು ಗೇಲಿ ಮಾಡಿದ್ದ. ಆದರೆ ಅವಳು ಪಾಠ ಮಾಡುವುದನ್ನು ಒಂದು ದಿನವೂ ನೋಡಿರಲಿಲ್ಲ. ಅವಳ ಹೆಚ್ಚುಗಾರಿಕೆಯೆಲ್ಲ ಮಾತಿನಲ್ಲಿದೆ ಎಂದುಕೊಂಡಿದ್ದ. ಈಗ ಮಾತೆಲ್ಲ ಕಳಚಿಹೋದ ಮೇಲೆ ಉಳಿದದ್ದು ಇಷ್ಟು ದೊಡ್ಡದಾಗಿತ್ತು. ಒಂದು ಕಾಲು ಎಳೆಯುತ್ತಾ, ಕೈಗೆ, ಮೂಗಿಗೆಲ್ಲ ಸುಣ್ಣ ಮೆತ್ತಿಕೊಂಡು ಓಡಾಡುತ್ತಿದ್ದ ಈ ಹೆಂಗಸು ತನ್ನ ಹೆಂಡತಿ ಎಂದು ಯಾರಿಗಾದರೂ ಕೂಗಿ ಹೇಳಬೇಕು ಎನಿಸಿತು. ಪಕ್ಕದಲ್ಲಿ ಬೆಡ್‌ಶೀಟು ಬಿಟ್ಟರೆ ಯಾರೂ ಇರಲಿಲ್ಲ.

ಅಷ್ಟರಲ್ಲಿ ಕನ್ನಡಕದ ಹುಡುಗಿ ಸಾಲಿನ ಆ ತುದಿಯಿಂದ ಈ ತುದಿಯವರೆಗೆ ಲೆಕ್ಕ ಹಾಕಿ ನೋಡಿ, "ಮುಗೀತು ಟೀಚರ್. ವೈಗೆ ಸೊನ್ನೆಯಿಂದ ಐದರವರೆಗೂ ಹಾಕಿ ಆಯ್ತು. ಇನ್ನು ಜೋಡಿ ಇಲ್ಲ" ಎಂದಳು.

ಟೀಚರಮ್ಮ ಕೋಲನ್ನು ನೆಲಕ್ಕೆ ಕುಟ್ಟಿದಳು.

"ಇನ್ನೊಂದು" ಎಂದಳು.

ಸ್ಪಷ್ಟವಾಗಿ. ಮಾತು ಎಡವಲಿಲ್ಲ. ಕ್ಲಾಸಿನ ಕೊನೆಯ ಬೆಂಚಿಗೂ ಕೇಳುವಂಥ ದನಿ.

ಹುಡುಗರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಟೀಚರ್ ಅಂದ ಮೇಲೆ ಇನ್ನೊಂದು ಎನ್ನದೆ ಇರುತ್ತಾರೆಯೇ? ಅವರು ತಲೆ ಕೆರೆದುಕೊಳ್ಳುತ್ತಾ ಹುಡುಕತೊಡಗಿದರು. ಚೂಟಿ ಮಾತ್ರ ದಾರ ಹಿಡಿದ ಕೈಯಲ್ಲೇ ಬಾಯಿ ಮುಚ್ಚಿಕೊಂಡು ತಾತನ ಕಡೆ ನೋಡಿದಳು. ಲಿಫ್ಟಣ್ಣ ಬೆಡ್‌ಶೀಟಿನ ತುದಿ ಹಿಡಿದುಕೊಂಡು ನಿಂತಿದ್ದ. ಟೀಚರಮ್ಮನಿಗೆ ತಾನು ಆಡಿದ್ದು ಅರಿವಾಗಿತ್ತೋ ಇಲ್ಲವೋ, ಅವಳ ಗಮನವೆಲ್ಲ ಹುಡುಗರ ಮೇಲಿತ್ತು.

"ಇನ್ನೊಂದು" ಎಂದಳು ಮತ್ತೆ, ಸ್ವಲ್ಪ ಗದರಿಸುವಂತೆ.

ಯಾರಿಗೂ ಹೊಳೆಯಲಿಲ್ಲ. ಆಗ ಲಿಫ್ಟಣ್ಣ ತನ್ನ ತಪ್ಪು ಜಾಗ ಬಿಟ್ಟು ನಡೆದುಬಂದ. ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ಸಿಕ್ಕಿಕೊಂಡ ಲಿಫ್ಟುಗಳಿಂದ ಎಷ್ಟು ಜನರನ್ನು ಎಳೆದು ಹಾಕಿದ್ದನೋ! ಮಹಡಿಗಳ ನಡುವೆಯೂ ಜಾಗವಿರುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಟೀಚರೇ" ಎಂದ. "ವೈ ಮೂರೂವರೆ ಇರಬಹುದಾ?"

ಟೀಚರಮ್ಮ ಹುಬ್ಬೇರಿಸಿದಳು: ಲೆಕ್ಕ ಮಾಡು.

"ಎರಡು ಮೂರೂವರೆ ಏಳು. ಹತ್ತಕ್ಕೆ ಇನ್ನು ಮೂರು. ಎಕ್ಸ್ ಮೂರು." ಬಲಕ್ಕೆ ಮೂರು ಚೌಕ ಹೋದ. ಮೇಲಕ್ಕೆ ಮೂರು ಹೋಗಿ, ಇನ್ನರ್ಧ ಚೌಕ ಮುಂದಿಟ್ಟು, ಟೈಲ್ಸಿನ ಅಂಚಿನ ನಟ್ಟನಡುವೆ ಕಾಲೂರಿದ. ದಾರ ಅವನ ಹೆಬ್ಬೆರಳಿಗೆ ತಾಗಿತು. ಕನ್ನಡಕದ ಹುಡುಗಿಗೂ ಅವಳ ಪಕ್ಕದವನಿಗೂ ನಡುವೆ, ಒಂದು ಕೂದಲೂ ಆಚೀಚೆಯಿಲ್ಲದೆ.

ಮಕ್ಕಳು ಚಪ್ಪಾಳೆ ತಟ್ಟಿದರು. ಟೀಚರಮ್ಮ ತಟ್ಟಲಿಲ್ಲ. ಕ್ಲಾಸಿನಲ್ಲಿ ಅಂಥದಕ್ಕೆಲ್ಲ ಅವಳು ಚಪ್ಪಾಳೆ ತಟ್ಟುವವಳಲ್ಲವೇನೋ. ಅವಳು ಹತ್ತಿರ ಬಂದು ಅವನ ಕಾಲಿನ ಪಕ್ಕ, ಟೈಲ್ಸಿನ ಮೇಲೆ, ಒಂದು ಗೀಟು ಹಾಕಿದಳು. ಆಮೇಲೆ, "ಇನ್ನೊಂದು."

ಅಣೆಕಟ್ಟು ಒಡೆದಂತಾಯಿತು. ಅರ್ಧ ಆದರೆ ಕಾಲು ಯಾಕಾಗಬಾರದು? ಕಾಲಾದರೆ ಅರೆಕಾಲು? "ಹಾಗಾದ್ರೆ ಸೊನ್ನೆಗಿಂತ ಕೆಳಗೂ ಹೋಗಬಹುದಾ?" ಎಂದು ಕೂಗಿದವನು, ಒಂದು ಲೆಕ್ಕಕ್ಕೆ ಒಂದೇ ಉತ್ತರ ಎಂದಿದ್ದ ಅದೇ ಗುಂಗುರು ಕೂದಲಿನವನು. ವೈಗೆ ಮೈನಸ್ ಒಂದು ಹಾಕಿದ, ಎಕ್ಸ್ ಹನ್ನೆರಡಾಯಿತು. ಅಡ್ಡಗೆರೆ ದಾಟಿ ಕೆಳಗೆ ಹೋಗಿ ನಿಂತ. ದಾರವನ್ನು ಅಲ್ಲಿಗೂ ಎಳೆದರು. ಅಲ್ಲಿಗೂ ತಾಗಿತು. "ಟೀಚರ್, ಇದು ಗೋಡೆ ದಾಟಿ ಆಚೆ ರಸ್ತೆ ಮೇಲೂ ಹೋಗುತ್ತೆ! ಆ ಕಡೆ ಬಿಲ್ಡಿಂಗಿಗೂ ಹೋಗುತ್ತೆ!" ಎಂದು ಅವನು ಬಗ್ಗಿ ನೋಡುತ್ತಿದ್ದರೆ ಲಿಫ್ಟಣ್ಣ ಹೋಗಿ ಅಂಗಿ ಹಿಡಿದು ಎಳೆಯಬೇಕಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಮಗಳು ಕೆಲಸ ಮುಗಿಸಿ, ಮನೆಯಲ್ಲಿ ಯಾರೂ ಇಲ್ಲದ್ದು ನೋಡಿ ಗಾಬರಿಯಿಂದ ಮೇಲೆ ಓಡಿ ಬಂದಳು. ಟೆರೇಸಿನ ಬಾಗಿಲಲ್ಲಿ ನಿಂತು, "ಅಪ್ಪಾ! ಅಮ್ಮನ್ನ ಇಲ್ಲಿಗೆ ಯಾಕೆ ಹತ್ತಿಸಿದ್ರಿ? ಬಿದ್ದುಗಿದ್ದರೆ..." ಎಂದು ಶುರುಮಾಡಿದವಳು, ಅಮ್ಮನ ಬಾಯಿಂದ ಬಂದ 'ಇನ್ನೊಂದು' ಕೇಳಿ, ಅರ್ಧಕ್ಕೇ ನಿಲ್ಲಿಸಿ ಬಾಗಿಲ ಚೌಕಟ್ಟಿಗೆ ಒರಗಿಕೊಂಡುಬಿಟ್ಟಳು.

ಮಾತಿನ ಡಾಕ್ಟರು ಇದನ್ನು ಪವಾಡವೆನ್ನಲಿಲ್ಲ. "ವರ್ಷಗಟ್ಟಲೆ ದಿನಾ ಆಡಿದ ಮಾತು ಆಳಕ್ಕೆ ಬೇರು ಬಿಟ್ಟಿರುತ್ತೆ. ಮನೇಲಿ ಕೂರಿಸಿ ಕೇಳಿದ್ರೆ ಬರಲ್ಲ, ಅದರ ಜಾಗದಲ್ಲಿ ನಿಲ್ಲಿಸಿದ್ರೆ ಬರುತ್ತೆ" ಎಂದಳು. ಅವಳೇ ಹೇಳಿ ವಾರಕ್ಕೊಮ್ಮೆ ಟೆರೇಸಿನ ಕ್ಲಾಸು ಗೊತ್ತುಮಾಡಿಸಿದಳು. ತಾನೂ ಬಂದು ಮೂಲೆಯಲ್ಲಿ ಕೂತು, ಯಾವ ಮಾತು ಯಾವಾಗ ಬರುತ್ತದೆ ಎಂದು ಕಿವಿಗೊಡುತ್ತಿದ್ದಳು.

ಬಂದವು, ಒಂದೊಂದಾಗಿ. 'ಸರಿ' ಬಂತು. 'ತಪ್ಪು' ಬಂತು. 'ಕೂತ್ಕೋ' ಬಂತು, 'ಗಲಾಟೆ' ಎಂಬುದು ಹಾವಭಾವ ಸಮೇತ ಬಂತು. "ಮನೆಗೆ ಬೇಕಾದ ಮಾತು ಒಂದೂ ಬರಲಿಲ್ಲ, ಕ್ಲಾಸಿಗೆ ಬೇಕಾದ್ದೆಲ್ಲ ಬಂತು. ನನಗೂ ಕೂತ್ಕೋ ಅಂತಾಳೆ, ಕೂತ್ಕೋತೀನಿ" ಎಂದು ಲಿಫ್ಟಣ್ಣ ಹೇಳಿಕೊಂಡು ತಿರುಗಿದ. ಅದು ದೂರೋ ಜಂಬವೋ ಕೇಳಿದವರಿಗೆ ತಿಳಿಯುತ್ತಿರಲಿಲ್ಲ. ಉಳಿದ ಮಾತು ಬರುತ್ತದೆಯೇ ಇಲ್ಲವೇ ಎಂದು ಡಾಕ್ಟರು ಭರವಸೆ ಕೊಡಲಿಲ್ಲ, ಟೀಚರಮ್ಮನೂ ಕೇಳಲಿಲ್ಲ. ಬೆಲ್ಲು ಹೊಡೆದರೆ ಈಗ ಅವಳೇ ಹೋಗಿ ಬಾಗಿಲು ತೆರೆಯುತ್ತಿದ್ದಳು.

ಹುಡುಗರ ಸಂಖ್ಯೆ ಬೆಳೆದ ಹಾಗೆ ಟೆರೇಸಿನ ತುಂಬ ಸುಣ್ಣದ ಗೆರೆಗಳೂ ಬೆಳೆದವು. ಒಣಹಾಕಿದ ಬಟ್ಟೆಗೆಲ್ಲ ಸುಣ್ಣ ಹತ್ತುತ್ತಿದೆ ಎಂದು ಯಾರೋ ದೂರು ಕೊಟ್ಟರು. ಕಟ್ಟಡದ ಸಂಘದ ಸೆಕ್ರೆಟರಿ, ಕೋಪಕ್ಕೆ 'ಪ್ರೆಷರ್ ಕುಕ್ಕರ್' ಎಂದೇ ಹೆಸರಾದವರು, ಒಂದು ಸಂಜೆ ದುಸುಮುಸು ಎನ್ನುತ್ತಾ ಮೇಲೆ ಬಂದರು.

"ಏನ್ರೀ ಇದು? ಇದೇನು ಟೆರೇಸಾ, ಬೋರ್ಡಾ?"

ಲಿಫ್ಟಣ್ಣ ಸಮಾಧಾನ ಹೇಳಲು ಮುಂದೆ ಬರುವಷ್ಟರಲ್ಲಿ ಟೀಚರಮ್ಮ ಅವರ ಮುಂದೆ ನಿಂತಿದ್ದಳು. ತಡವಾಗಿ ಬಂದ ವಿದ್ಯಾರ್ಥಿಯನ್ನು ನೋಡುವ ನೋಟ. ಅವರ ಅಂಗೈ ಹಿಡಿದು, 1 ಎಂದು ಬರೆದು, ಟ್ಯಾಂಕಿನ ಗೋಡೆ ತೋರಿಸಿದಳು. ಅವತ್ತಿನ ಸಮೀಕರಣ x − y = 2. ಎಕ್ಸ್ ಒಂದು.

ಸೆಕ್ರೆಟರಿ ಅಂಗೈ ನೋಡಿದರು, ಗೋಡೆ ನೋಡಿದರು. ಸುತ್ತ ಮಕ್ಕಳು ಉಸಿರು ಬಿಗಿಹಿಡಿದು ಇವರನ್ನೇ ನೋಡುತ್ತಿದ್ದರು. "ಒಂದರಲ್ಲಿ ಎಷ್ಟು ಕಳೆದರೆ ಎರಡು ಬರುತ್ತೆ?" ಎಂದರು ತಮ್ಮಷ್ಟಕ್ಕೆ. "ಕಳೆದರೆ ಜಾಸ್ತಿ ಹೇಗ್ರೀ ಆಗುತ್ತೆ? ಇರಿ ಇರಿ, ಹೇಳಬೇಡಿ." ಯಾರೂ ಹೇಳುತ್ತಿರಲಿಲ್ಲ. ಅವರು ಹಣೆ ಒತ್ತಿಕೊಂಡರು. ಫೋನು ಬಡಿದುಕೊಂಡಿತು, ಎತ್ತಿ ನೋಡದೆ ಜೇಬಿಗೆ ಹಾಕಿದರು. ಆಮೇಲೆ ಮುಖ ಇದ್ದಕ್ಕಿದ್ದಂತೆ ಅರಳಿತು. "ಮೈನಸ್ ಒಂದು! ಮೈನಸ್ಸನ್ನು ಕಳೆದರೆ ಕೂಡಿದ ಹಾಗೆ!" ಎನ್ನುತ್ತಾ, ಪಾಲಿಶ್ ಮಾಡಿದ ಶೂ ಎತ್ತಿಟ್ಟು, ಬಲಕ್ಕೆ ಒಂದು ಚೌಕ, ಕೆಳಕ್ಕೆ ಒಂದು ಚೌಕ ಹೋಗಿ ನಿಂತರು. ಮಕ್ಕಳ ಸಾಲಿನಲ್ಲಿ ಅವರೂ ಒಬ್ಬರಾದರು. ಟೀಚರಮ್ಮ ದಾರ ಹಿಡಿಸಿ, ಬಗ್ಗಿ, ಅವರ ಶೂವಿನ ತುದಿಯನ್ನು ಪರೀಕ್ಷೆ ಮಾಡಿದಳು.

"ಸರಿ" ಎಂದಳು.

ಬೈಯಲು ಬಂದಿದ್ದೆ ಎಂಬುದು ಅವರಿಗೆ ಮನೆಗೆ ಹೋಗಿ ಶೂ ಬಿಚ್ಚುವಾಗ ನೆನಪಾಯಿತಂತೆ.